ಓಡಿಸಲು ಬಾರದವಳ ಕಾರು

ಅಪ್ಪ ತೀರಿಕೊಂಡು ಎರಡು ತಿಂಗಳಾದರೂ ಅವರ ಕಪ್ಪು ಕಾರು ಅವರ ಹೆಸರಿನಲ್ಲೇ ಕೊಳ್ಳೇಗಾಲದ ನಮ್ಮ ಮನೆ ಮುಂದೆ ನಿಂತಿತ್ತು. ಕಾರು ಮಗಳಿಗೆ ಎಂದು ಬರೆದಿಟ್ಟಿದ್ದರು. ನನಗಾಗ ಇಪ್ಪತ್ತು. ಕಾನ್ವೆಂಟಿನಲ್ಲಿ ಪಿಯಾನೋ ಕಲಿತಿದ್ದೆ, ಎಂಬ್ರಾಯ್ಡರಿ ಕಲಿತಿದ್ದೆ, ಸ್ಟಿಯರಿಂಗ್ ಮುಟ್ಟಿರಲಿಲ್ಲ.

ಅಮ್ಮನಿಗೆ ಉಬ್ಬಸ. ಉಸಿರು ಕಟ್ಟಿಕೊಂಡರೆ ತುಟಿ ನೀಲಿಯಾಗುತ್ತಿತ್ತು. ಆಗೆಲ್ಲ ಅಪ್ಪನ ಕಾಲದ ಡ್ರೈವರು ಅವಳನ್ನು ಯಳಂದೂರಿನ ಡಾಕ್ಟರ ಬಾಗಿಲಿಗೆ ಒಯ್ಯುತ್ತಿದ್ದ. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಯಳಂದೂರು ಮೈಸೂರು ಸೀಮೆಗೆ. ಆದರೂ ಅಮ್ಮನಿಗೆ ಹಿಡಿಯುತ್ತಿದ್ದುದು ಆ ಡಾಕ್ಟರ ಇಂಜೆಕ್ಷನ್ನೇ.

ಚಿಕ್ಕಪ್ಪ ಲೈಸೆನ್ಸ್ ಮಾಡಿಸಿಕೊಂಡಿದ್ದರು. ಒಂದು ದಿನ ಜಗುಲಿಯ ಮೇಲೆ ಕೂತು ಶುರು ಮಾಡಿದರು.

“ಯಾನವ್ವಾ, ಕಾನ್ವೆಂಟ್ನಲ್ಲಿ ಕಾರ್ ಓಡ್ಸದ ಕಲ್ಸಿದ್ರಾ? ಲೈಸೆನ್ಸ್ ಇಲ್ದೋರ್ ಎಸ್ರುಗೆ ಕಾರ್ ಆಗಕಿಲ್ಲ ಕಣವ್ವಾ. ಬ್ರೇಕ್ ಇನ್ಸ್‌ಪೆಕ್ಟ್ರು ಓಡ್ಸು ಅಂದ್ರೆ ಯಾನ್ ಮಾಡೀಯೆ? ನನ್ನೆಸ್ರುಗೆ ಬರ್ಕೊಟ್ಬುಡು. ಅನೂರ್ಗೋಗಿ ಗೂಡ್ ತರಕೆ ನಂಗೂ ಬೇಕು.”

ರೇಷ್ಮೆಗೂಡಿಗೆಂದು ಹನೂರಿಗೆ ಹೋದರೆ ಅವರು ಮೂರು ದಿನ ಬರುತ್ತಿರಲಿಲ್ಲ. ಆ ಮೂರು ದಿನದಲ್ಲಿ ಅಮ್ಮನಿಗೆ ಉಸಿರು ಕಟ್ಟಿದರೆ?

ಫ್ರಾಂಕ್ಲಿ, ಅವರ ಮಾತನ್ನು ನಾನು ನಂಬಿಬಿಟ್ಟೆ. ನಮ್ಮದು ನೇಯ್ಗೆಯವರ ಬೀದಿ. ಅಲ್ಲಿ ಮಗ್ಗದ ಗುಂಡಿಯೊಳಗೆ ಕಾಲಿಳಿಸಿ ನೇಯುವವನೇ ಅದರ ಒಡೆಯ. ಅಪ್ಪನಿಗೂ ಲೈಸೆನ್ಸ್ ಇತ್ತಲ್ಲ, ಕಾರೂ ಹಾಗೇ ಇರಬೇಕೆಂದು ಡ್ರೈವರೂ ನಂಬಿದ್ದ, ಅಮ್ಮನೂ.

ಇನ್ಸ್‌ಪೆಕ್ಟರ್ ಕಾರಿನ ಹೆಸರು ಬದಲಾವಣೆಗೆ ನಮ್ಮೂರಿನಲ್ಲಿ ಕ್ಯಾಂಪ್ ಹಾಕಿದ ಬೆಳಿಗ್ಗೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಟ್ರಾವೆಲರ್ಸ್ ಬಂಗಲೆಯ ಮುಂದೆ ಡ್ರೈವರನ್ನು ಇಳಿಸಿ, ನಾನೇ ಓಡಿಸಿಕೊಂಡು ಬಂದವಳಂತೆ ಅವನ ಜಾಗದಲ್ಲಿ ಕೂತೆ.

“ಅವ್ವಾ, ಕೆಳಗಿರದ ಯಾವ್ದನ್ನೂ ತುಳೀಬ್ಯಾಡಿ,” ಎಂದು ಅವನು ಪಿಸುಗುಟ್ಟಿದ.

ಬೇವಿನ ಮರದಡಿ ಚಿಕ್ಕಪ್ಪ ನಗುತ್ತಾ ನಿಂತಿದ್ದರು.

ಇನ್ಸ್‌ಪೆಕ್ಟರು ಇಂಜಿನ್ ನಂಬರ್ ಒರೆಸಿ ನೋಡಿ ಕಿಟಕಿಗೆ ಬಂದರು. ಅವರ ಕನ್ನಡಕ್ಕೆ ತಮಿಳಿನ ರಾಗ. “ಸ್ವಲ್ಪ ಮುಂದೆ ತಗೊಳ್ಳಮ್ಮಾ, ಬ್ರೇಕ್ ನೋಡಣ.”

ಅಮ್ಮನ ನೀಲಿ ತುಟಿ ಕಣ್ಣೆದುರು ಬಂತು. ಸುಳ್ಳಾಡಿದರೆ ಕಾನ್ವೆಂಟಿನ ಸಿಸ್ಟರು ಮಂಡಿಯೂರಿಸುತ್ತಿದ್ದರಲ್ಲ, ಆ ಅಭ್ಯಾಸವೋ ಏನೋ, ನಿಜವೇ ಹೊರಬಿತ್ತು: “ಸರ್, ಐ ಕೆನಾಟ್ ಡ್ರೈವ್. ಐ ಹ್ಯಾವ್ ನೋ ಲೈಸೆನ್ಸ್. ಪ್ಲೀಸ್, ಕಾರು ಮಾತ್ರ ಕಿತ್ತುಕೊಳ್ಳಬೇಡಿ.”

“ನಿನ್ನ ಲೈಸೆನ್ಸ್ ಯಾರಮ್ಮಾ ಕೇಳಿದ್ದು?”

ಚಿಕ್ಕಪ್ಪ ಓಡಿಬಂದರು. “ಸಾ, ಓಡ್ಸೋರ್ಗೆ ತಾನೇ ಕಾರು?”

“ಹಾಗಾದ್ರೆ ಬಸ್ಸೆಲ್ಲಾ ಡ್ರೈವರ್‌ದೇನಯ್ಯಾ? ಓನರ್ ಟಿಕೆಟ್ ತಗೊಂಡು ಕೂತ್ಕೋಬೇಕಾ?” ಎಂದವರು ನನ್ನ ಕಡೆ ತಿರುಗಿದರು. “ಇಳಿಯಮ್ಮಾ. ಲೈಸೆನ್ಸ್ ಇರೋ ಡ್ರೈವರ್ ಓಡಿಸ್ಲಿ. ನೀನು ಓನರ್, ಸೈನ್ ಹಾಕು.”

ಇಳಿದೆ. ಬಾನೆಟ್ಟಿನ ಮೇಲೆ ಹೆಸರು ಬದಲಾವಣೆಯ ಕಾಗದವಿಟ್ಟು ಸಹಿ ಮಾಡಿದೆ. ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ಗೆದ್ದವಳ ಸಹಿ ಇರುವೆ ಸಾಲಿನಂತೆ ಎತ್ತೆತ್ತಲೋ ಹೋಗಿತ್ತು.

ಆ ವಾರವೇ ಅಮ್ಮನಿಗೆ ಉಸಿರು ಕಟ್ಟಿಕೊಂಡಿತು. ಡ್ರೈವರು ಕಾರು ತೆಗೆದ. ಯಳಂದೂರಿನ ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಉಸಿರು ಸಿಕ್ಕಾಗ ಕೇಳಿದಳು: “ನಿನ್ ಚಿಕ್ಕಪ್ಪ ಬಂದು ನಮ್ಮ ಇಳಿಸ್ಬುಡಕಿಲ್ವಾ?”

“ಇಲ್ಲಮ್ಮಾ, ಕಾರು ನಮ್ಮದೇ.”

ಹಾಗೆಂದೆನೇ ಹೊರತು, ಡಾಕ್ಟರ ಮನೆ ಬರುವವರೆಗೂ ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದೆ, ಆ ಧೂಳಿನಲ್ಲಿ ಚಿಕ್ಕಪ್ಪ ಏನಾದರೂ ಬರುತ್ತಿದ್ದಾರೆಯೇ ಎಂದು.