ಪೆಟ್ಟಿಗೆಯೊಳಗಿನ ಚೆಂಡುಹೂವು

ಇದನ್ನು ಹೇಳಬೇಕೆಂದು ಕುಳಿತಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತಿತ್ತು. ಇವತ್ತು ಯಾವ ಕೆಲಸವೂ ನೆನಪಾಗುತ್ತಿಲ್ಲ.

ಎಸ್ಸೆಸ್ಸೆಲ್ಸಿ ಓದಿ ಗೋವಾಕ್ಕೆ ಬಂದವನು ನಾನು. ವಾಸ್ಕೋ ಬಂದರಿನಲ್ಲಿ ಮೈ ಸೋತ ಮೇಲೆ, ಎರಡು ಸಾವಿರದ ಐದರ ಸುಮಾರಿಗೆ, ಕ್ಯಾನ್ಸರ್ ಸಂಶೋಧನೆಯ ಒಂದು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಸಿಕ್ಕಿತು. ಧಾರವಾಡದ ಹುಡುಗಿಯೊಬ್ಬಳು ಅಲ್ಲಿ ಕ್ಯಾನ್ಸರಿನ ಜೀವಕೋಶಗಳನ್ನು ಬೆಚ್ಚನೆಯ ಪೆಟ್ಟಿಗೆಯೊಂದರಲ್ಲಿ ಬೆಳೆಸುತ್ತಿದ್ದಳು. ಯಾಕೆಂದು ಕೇಳಿದೆ.

“ಕೋಶ ಒಂದಕ್ಕೊಂದು ಸುದ್ದಿ ಮುಟ್ಟಸ್ತಾವ ಕಾಕಾ. ಬೆಳಿ ಅಂತ, ಸಾಕು ಅಂತ. ಕ್ಯಾನ್ಸರ್ ಕೋಶಕ್ಕ ಸಾಕು ಅಂದದ್ದು ಕೇಳೂದಿಲ್ಲ. ಯಾಕ ಕೇಳೂದಿಲ್ಲ, ಅದನ್ನ ಹುಡಕಾಕತ್ತೇನಿ.”

“ಬೀಗರ ಊಟದಾಗ ಕೈ ಅಡ್ಡ ಹಿಡದ್ರೂ ಹೋಳಗಿ ಬಡಸವ್ರಂಗ ಅನ್ರಿ!”

ಅವಳು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಆ ವರ್ಷ ದಸರೆಯ ಖಂಡೆಪೂಜೆ, ಆಯುಧಪೂಜೆ, ಬಂತು. ಬಂದರಿನ ಕ್ರೇನಿಗೂ ಪೂಜೆ ಮಾಡಿದ ಕೈ ನನ್ನದು. ಹಗಲೂ ರಾತ್ರಿ ದುಡಿಯುವ ಆ ಪೆಟ್ಟಿಗೆಯನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಯಾರೂ ಬರುವ ಮುಂಚೆ ಬಾಗಿಲು ತೆರೆದು, ಒಳಗೆ ಎರಡು ಚೆಂಡುಹೂವಿಟ್ಟು ಕೈಮುಗಿದು, ಹೂವು ಹೊರತೆಗೆದು ಬಾಗಿಲು ಮುಚ್ಚಿದೆ.

ಹಬ್ಬದ ರಜೆ ಮುಗಿಯುವಷ್ಟರಲ್ಲಿ ಕೋಶದ ತಟ್ಟೆಗಳಿಗೆಲ್ಲ ಬೂಸರು ಬಂದಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಳದಿ ಎಸಳು ಸಿಕ್ಕಿತು. ಎಲ್ಲರೂ ಕಸ ಗುಡಿಸುವ ಅಕ್ಕನ ತುರುಬು ನೋಡಿದರು. ದಿನಾ ಹೂವು ಮುಡಿಯುತ್ತಿದ್ದವಳು ಆಕೆಯೊಬ್ಬಳೇ.

“ಸಾಹೇಬ್ರ, ನನ್ನ ತಲ್ಯಾಗಿನ ಹೂವಿಗೆ ಬಾಗಲಾ ತಗ್ಯಾಕ ಕೈ ಅದಾವೇನ್ರಿ?”

ಎಲ್ಲರೂ ನಕ್ಕರು. ಆದರೂ ಪ್ರಯೋಗಾಲಯದ ಸಾಹೇಬರು ಆಕೆಯನ್ನು ಆ ಕೋಣೆ ಬಿಡಿಸಿ ಮೆಟ್ಟಿಲು ಒರೆಸಲು ಹಾಕಿದರು. ಆಕೆಯ ಮೊಣಕಾಲುಗಳು ಮೊದಲೇ ನೋಯುತ್ತಿದ್ದವು. ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡು ಬಾಟಲಿ ತೊಳೆಯುತ್ತ ನಿಂತೆ.

ಹುಡುಗಿ ಹೆಪ್ಪುಗಟ್ಟಿಸಿ ಉಳಿಸಿಟ್ಟಿದ್ದ ಕೋಶಗಳನ್ನು ಮತ್ತೆ ಬೆಳೆಸಿದಳು. ಅವು ಯಾರ ಮಾತೂ ಕೇಳದೆ ಚೆನ್ನಾಗಿ ಬೆಳೆದವು. ಅಕ್ಕನನ್ನು ಮಾತ್ರ ಯಾರೂ ಒಳಗೆ ಕರೆಯಲಿಲ್ಲ.

ಮರುವರ್ಷ ದಸರೆಗೆ, ಬನ್ನಿ ಕೊಡುವಾಗ ಹೇಳಿಬಿಡೋಣವೆಂದು ಹೋದೆ. ಆಕೆಯೇ ಮೊದಲು ಎಲೆ ಚಾಚಿದಳು.

“ಬಂಗಾರದಂಗ ಇರೂಣು ತಮ್ಮಾ. ಮೆಟ್ಲಾ ಒರಸಿ ಒರಸಿ ನನ್ನ ಮಣಕಾಲೂ ಬಂಗಾರದಷ್ಟ ತುಟ್ಟಿ ಆಗ್ಯಾವ!”

ನಕ್ಕು ಎಲೆ ತೆಗೆದುಕೊಂಡೆ. ಮುಂದಿನ ಬೇಸಿಗೆಯಲ್ಲಿ ಆಕೆ ಊರಿಗೆ ಹೊರಟುಹೋದಳು.

ತಪ್ಪಾಯಿತೆಂದು ನಾನು ಹೇಳದೇ ಉಳಿದದ್ದು ಈಕೆಗೆ: ಬೈಲಹೊಂಗಲ ಕಡೆಯ, ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದ ಆ ಅಕ್ಕನಿಗೆ.