ಠೇವಣಿ ಇಟ್ಟ ಕೋವಿ

ಅಬುಧಾಬಿಯಲ್ಲಿ ವರ್ಷಕ್ಕೊಮ್ಮೆ ಬೇಟೆ ಸಾಮಾನಿನ ದೊಡ್ಡ ಪ್ರದರ್ಶನ ನಡೆಯುತ್ತದೆ. ಗಿಡುಗ, ಕುದುರೆ, ಒಂಟೆಯ ಜೀನು, ಮರಳುಗಾಡಿನ ಗುಡಾರ, ಇವೆಲ್ಲದರ ಪಕ್ಕದಲ್ಲಿ ಕೋವಿಗಳಿಗೇ ಒಂದು ಪ್ರತ್ಯೇಕ ಹಾಲ್. ಕೋವಿ ಮಾರುವ ಒಂದು ಕಂಪನಿಯವರು ಆ ದಿನಗಳ ಮಟ್ಟಿಗೆ ನಮ್ಮ ಟೈಪಿಂಗ್ ಸೆಂಟರಿನಿಂದ ಒಬ್ಬರನ್ನು ಕರೆಸಿಕೊಳ್ಳುತ್ತಿದ್ದರು. ಎರಡು ಸಾವಿರದ ಹದಿನೈದರ ಆಚೀಚೆ, ನಾನು ಆ ದೇಶಕ್ಕೆ ಬಂದ ನಾಲ್ಕನೇ ವರ್ಷ, ಆ ಕೆಲಸ ನನಗೆ ಬಂತು.

ಟೈಪಿಂಗ್ ಸೆಂಟರ್ ಅಂದರೆ ಅರ್ಜಿ ಬರೆದುಕೊಡುವ ಅಂಗಡಿ. ವೀಸಾ, ಬಾಡಿಗೆ ಕರಾರು, ಮಗುವಿನ ಜನನಪತ್ರ, ಏನೇ ಇದ್ದರೂ ಅಲ್ಲಿ ಅರಬ್ಬಿಯಲ್ಲಿ ಟೈಪ್ ಮಾಡಿದ ಅರ್ಜಿ ಬೇಕು. ನಾನು ಬಿ.ಕಾಂ. ಮಾಡಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು, ಅಪ್ಪ ಧಣಿಗಳ ಗದ್ದೆಯಲ್ಲಿ ದುಡಿದರು. ಅಬುಧಾಬಿಗೆ ಬಂದ ಮೇಲೆ ನಾಲ್ಕೇ ತಿಂಗಳಲ್ಲಿ ಅರಬ್ಬಿ ಕೀಬೋರ್ಡ್ ಕಲಿತೆ. ಬಲದಿಂದ ಎಡಕ್ಕೆ, ನೋಡದೆ, ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಕಲಿತದ್ದು. ಆದರೆ ಅಕ್ಷರ ಬಂದಷ್ಟು ಭಾಷೆ ಬಂದಿರಲಿಲ್ಲ. ಫಾರಮಿನ ಅರಬ್ಬಿ ಗೊತ್ತಿತ್ತು, ಅದರ ಹೊರಗಿನದು ಅರ್ಧಂಬರ್ಧ.

ಆ ವರ್ಷ ಪ್ರದರ್ಶನ ಶುರುವಾಗುವ ಮೊದಲೇ ಒಂದು ಸುದ್ದಿ ಹಬ್ಬಿತ್ತು. ಹೊಸ ಕಾನೂನು ಬರುತ್ತದಂತೆ. ಇನ್ನು ಮುಂದೆ ಒಬ್ಬರಿಗೆ ಒಂದೇ ಕೋವಿಯಂತೆ. ಬರುವ ವರ್ಷದಿಂದ ಪ್ರದರ್ಶನದಲ್ಲಿ ಮಾರಾಟವೇ ಇಲ್ಲವಂತೆ. ಆ ಕಾನೂನನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಎಲ್ಲರ ಫೋನಿನಲ್ಲೂ ಯಾರೋ ಕಳಿಸಿದ ಒಂದೊಂದು ಸಂದೇಶ ಇತ್ತು, ಒಂದರ ಹಾಗೆ ಇನ್ನೊಂದಿರಲಿಲ್ಲ. ಕೋವಿ ಕಂಪನಿಯ ಮ್ಯಾನೇಜರನ್ನು ಕೇಳಿದರೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ, ಇನ್ನೆರಡು ಮೇಜು ಹಾಕಿಸಿದರು.

ಮೊದಲ ದಿನ ಬಾಗಿಲು ತೆಗೆದದ್ದೇ ತಡ, ಬಿಳಿ ಕಂದೂರಗಳು, ಅಂದರೆ ಆ ನಾಡಿನ ಗಂಡಸರ ಉದ್ದ ನಿಲುವಂಗಿಗಳು, ನುಗ್ಗಿ ಬಂದವು. ಮಧ್ಯಾಹ್ನಕ್ಕೆ ಟೋಕನ್ ಯಂತ್ರದ ಕಾಗದ ಮುಗಿಯಿತು. ಗಿಡುಗ ನೋಡಲು ಬಂದವರೂ ಸಾಲು ಕಂಡು ಸಾಲಿಗೆ ನಿಂತರು. ಒಬ್ಬರು ಒಂದೇ ತರಹದ ಎರಡು ಕೋವಿ ಕೇಳಿದರು. ಬೇರೆ ಮಾದರಿ ತೋರಿಸಲೇ ಎಂದರೆ, ಬೇಡ, ಇರಲಿ, ನಾಳೆ ಸಿಗುವುದಿಲ್ಲ ಎಂದರು. ಎರಡನೇ ದಿನ ಗಾಜಿನ ಪೆಟ್ಟಿಗೆಯಲ್ಲಿ ನೋಡಲೆಂದು ಇಟ್ಟದ್ದನ್ನೂ ಬಿಡಲಿಲ್ಲ. ಕೊಳ್ಳುವವರ ಪರವಾನಗಿ ನೋಡಿ ಅರ್ಜಿ ಟೈಪ್ ಮಾಡುವುದು ನನ್ನ ಕೆಲಸ. ಪರವಾನಗಿ ಇಲ್ಲದವರು ಮುಂದಿನ ವಾರ ತರುತ್ತೇವೆ, ಕೋವಿ ಎತ್ತಿಡು ಎಂದು ಜಗಳಕ್ಕೆ ಬರುತ್ತಿದ್ದರು. ಆಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಊರಿನ ಸೊಸೈಟಿಯಲ್ಲಿ ಸೀಮೆಎಣ್ಣೆಗೆ ನಿಂತದ್ದು ನೆನಪಾಯಿತು. ನಾಳೆ ಇಲ್ಲವಂತೆ ಎಂದು ಒಬ್ಬರು ಅಂದರೆ ಸಾಕು, ಕ್ಯಾನಿನ ಮೇಲೆ ಕ್ಯಾನು, ಮೊಣಕೈಗೆ ಮೊಣಕೈ. ಇವರ ಮನೆಯಲ್ಲಿ ಏನಕ್ಕೂ ಕೊರತೆಯಿಲ್ಲ, ಆದರೂ ಮೊಣಕೈ ಅದೇ. ಪಕ್ಕದ ಮೇಜಿನಲ್ಲಿ ಮಂಗಳೂರು ಕಡೆಯ ಒಬ್ಬರು ಕ್ರಿಶ್ಚಿಯನ್ ಹಿರಿಯರು ಬಿಲ್ಲು ಬರೆಯುತ್ತಿದ್ದರು. ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ನಾನು ಪೊರ್ಬುಗಳೇ ಎಂದೇ ಕರೆಯುವುದು. ಅವರು ತಲೆಯೆತ್ತದೆ ಹೇಳಿದರು: "ಸೀರೆ ಸೇಲಿಗೆ ಹೆಂಗಸರು ಬಿದ್ರೆ ನಗ್ತಾರೆ. ಇವರನ್ನು ನೋಡು ಮಾರಾಯ್ತಿ. ಬಣ್ಣ ಕೂಡ ನೋಡುದಿಲ್ಲ."

ಮೂರನೇ ದಿನ ಬೆಳಿಗ್ಗೆ ಸಾಲಿನಲ್ಲಿ ಒಬ್ಬ ಅಜ್ಜ ಬಂದರು. ದೂರದ ಮರಳುಗಾಡಿನ ಮದೀನತ್ ಜಾಯೆದ್ ಎಂಬ ಊರಿನವರು. ಜೊತೆಗೆ ಅವರ ಮನೆಯ ಡ್ರೈವರ್. ನಾನು ಪೊರ್ಬುಗಳ ಹತ್ತಿರ ತುಳುವಿನಲ್ಲಿ ಏನೋ ಅಂದದ್ದು ಕಿವಿಗೆ ಬಿದ್ದು ಡ್ರೈವರಿನ ಮುಖ ಅರಳಿತು. ಕಾರ್ಕಳದ ಹತ್ತಿರದವರಂತೆ, ಇಪ್ಪತ್ತು ವರ್ಷದಿಂದ ಆ ಮನೆಯಲ್ಲೇ ಇರುವುದಂತೆ. ನನಗಿಂತ ಎಷ್ಟೋ ದೊಡ್ಡವರು, ಆದರೂ ನನ್ನನ್ನು ಅಕ್ಕ ಎಂದರು. ನಾನು ಅಣ್ಣ ಎಂದೆ.

ಅಜ್ಜ ಕೋವಿ ಕೊಳ್ಳಲು ಬಂದವರಲ್ಲ. ಅವರಲ್ಲಿ ಒಂದು ಕೋವಿ ಇತ್ತು, ಅವರ ಅಪ್ಪನದ್ದು. ಗುಂಡು ಹಾರದೆ ಎಷ್ಟೋ ವರ್ಷವಾಗಿದೆ. ಅದಕ್ಕೆ ಕಾಗದ ಎಂಬುದು ಎಂದೂ ಇರಲಿಲ್ಲ. ಅಪ್ಪನ ಕೈಯಿಂದ ಅವರಿಗೆ ಉಳಿದ ವಸ್ತು ಅದೊಂದೇ. ಗುಡಾರ, ಒಂಟೆ, ಹಳೆಯ ಮನೆ ಎಲ್ಲ ಹೋಗಿ ಹೊಸ ಮನೆ ಬಂದಿತ್ತು. ಈಗ ಈ ಸುದ್ದಿ ಕೇಳಿದ ಮೇಲೆ ಅವರಿಗೆ ನಿದ್ದೆಯಿಲ್ಲವಂತೆ. ಮಕ್ಕಳನ್ನು ಕೇಳಿದರೆ ಅತ್ತ ಬಿಸಾಡಿ ಎನ್ನುತ್ತಾರೆ, ಆದ್ದರಿಂದ ಮಕ್ಕಳಿಗೆ ಹೇಳದೆ ಬಂದಿದ್ದರು. ಓದು ಬರಹ ಅವರಿಗೆ ಬಾರದು.

ಡ್ರೈವರಣ್ಣ ಫೋನ್ ಮುಂದೆ ಹಿಡಿದರು. ಯಾರೋ ಕಳಿಸಿದ ಅರಬ್ಬಿ ಸಂದೇಶ. ನಾನು ಗಟ್ಟಿಯಾಗಿ ಓದಿದೆ. ಕಾಗದವಿಲ್ಲದ ಕೋವಿ ಇದ್ದವರು ಒಂದೋ ಪರವಾನಗಿಗೆ ಬರೆಯಬೇಕು, ಇಲ್ಲವೇ ತಸ್ಲೀಮ್ ಮಾಡಬೇಕು ಎಂದಿತ್ತು. ತಸ್ಲೀಮ್ ಅಂದರೆ ಒಪ್ಪಿಸುವುದು. ಆ ಪದ ಅಜ್ಜನಿಗೆ ಗೊತ್ತಿಲ್ಲದ್ದೇನಲ್ಲ, ಅವರದೇ ಭಾಷೆ. ಅವರು ಕೇಳಿದ್ದು ಬೇರೆ. ಡ್ರೈವರಣ್ಣ ಅದನ್ನೇ ನನಗೆ ಹೇಳಿದರು.

"ಒಪ್ಪಿಸಿದ್ರೆ ಮತ್ತೆ ಸಿಗ್ತದಾ ಅಂತ ಕೇಳ್ತಿದ್ದಾರೆ ಅಕ್ಕ. ಅದರಲ್ಲಿ ಅದು ಬರೆದಿಲ್ಲ. ನೀವು ಓದಿದವರು, ನಿಮಗೆ ಗೊತ್ತುಂಟಲ್ಲ?"

ಹಿಂದೆ ಇನ್ನೂ ನಲವತ್ತು ಜನ ನಿಂತಿದ್ದರು. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ನನಗೆ ಗೊತ್ತಿದೆ ಎಂದೇ ನಾನು ನಂಬಿದ್ದೆ, ಅದೇ ಕಷ್ಟ.

ನಮ್ಮೂರಲ್ಲಿ ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿ ಇರುವ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಮಂಗ, ಹಂದಿ ಓಡಿಸುವ ಬೆಳೆಗಾರನ ಕೋವಿಯೂ ಸರಿ. ಧಣಿಗಳ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಹೊತ್ತು ಹೋಗುವುದು ನನ್ನ ಅಪ್ಪ. ರಶೀದಿ ತಂದು ನನ್ನ ಕೈಗೆ ಕೊಡುವರು, ಅಪ್ಪನಿಗೆ ಓದಲು ಬಾರದು. ನಾನು ಓದಿ ಹೇಳುವುದು, ಅಪ್ಪ ಅದನ್ನು ಧಣಿಗಳಿಗೆ ಮುಟ್ಟಿಸುವುದು. ಓಟು ಎಣಿಕೆಯಾದ ಮೇಲೆ ಅದೇ ರಶೀದಿ ತೋರಿಸಿ ಅದೇ ಕೋವಿ ವಾಪಸ್. ಒಂದು ಸಲವೂ ತಪ್ಪಿದ್ದಿಲ್ಲ. ಇಲ್ಲಿಗೆ ಬಂದ ಮೇಲೆ ತಸ್ಲೀಮ್ ಎಂಬ ಪದವನ್ನು ನಾನು ದಿನಕ್ಕೆ ಹತ್ತು ಸಲ ಟೈಪ್ ಮಾಡಿದ್ದು ಪಾಸ್‌ಪೋರ್ಟಿನ ಅರ್ಜಿಗಳಲ್ಲಿ. ಪಾಸ್‌ಪೋರ್ಟ್ ಒಪ್ಪಿಸುತ್ತಾರೆ, ಮುದ್ರೆ ಬೀಳುತ್ತದೆ, ವಾಪಸ್ ಬರುತ್ತದೆ. ನನ್ನ ತಲೆಯಲ್ಲಿ ಎರಡೂ ಸೇರಿ ಒಂದೇ ಆಗಿಬಿಟ್ಟಿದ್ದವು.

ಅದು ಠೇವಣಿ ಅಣ್ಣ, ಗಲಾಟೆ ತಣ್ಣಗಾದ ಮೇಲೆ ಕೊಡುತ್ತಾರೆ, ರಶೀದಿ ಜೋಪಾನ ಮಾಡಿ ಎಂದೆ. ಡ್ರೈವರಣ್ಣನಿಗೂ ಊರಿನ ಪದ್ಧತಿ ಗೊತ್ತು. "ಹೌದಲ್ಲ, ನಮ್ಮಲ್ಲಿ ಇಲೆಕ್ಷನಿಗೆ ಇಡುವ ಹಾಗೆ," ಎಂದು ತಲೆಯಾಡಿಸಿ ಅರಬ್ಬಿಯಲ್ಲಿ ಅಜ್ಜನಿಗೆ ವಿವರಿಸಿದರು. ಅಜ್ಜ ಎದೆಯ ಮೇಲೆ ಕೈ ಇಟ್ಟುಕೊಂಡು ನನಗೆ ಏನೋ ಹರಸಿದರು. ಪರವಾನಗಿಗೆ ಬರೆದರೆ ತುಂಬ ಕಾಗದ ಬೇಕು, ತಸ್ಲೀಮಿಗೆ ಒಂದೇ ಪುಟ ಸಾಕು. ನಾನೇ ಅದನ್ನು ಆರಿಸಿದೆ. ಸೆಂಟರಿನ ಕಂಪ್ಯೂಟರಿನಲ್ಲಿದ್ದ ಹಳೆಯ ನಮೂನೆ ತೆಗೆದು ಅವರ ಹೆಸರು ತುಂಬಿದೆ. ನಮೂನೆಯ ಮಧ್ಯದಲ್ಲಿ ಎರಡು ಸಾಲು ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಹೇಗಿತ್ತೋ ಹಾಗೇ ಬಿಟ್ಟೆ. ಅಜ್ಜ ಹೆಬ್ಬೆಟ್ಟು ಒತ್ತಿದರು.

ಎರಡು ವಾರದ ನಂತರ ಡ್ರೈವರಣ್ಣ ಸೆಂಟರಿಗೆ ಫೋನ್ ಮಾಡಿದರು. ಕೋವಿ ಒಪ್ಪಿಸಿ ಆಯಿತು, ಕಾಗದ ಕೊಟ್ಟಿದ್ದಾರೆ, ಅರಬಾಬ್ ದಿನಾ ಕೇಳುತ್ತಿದ್ದಾರೆ ಎಂದರು. ಅರಬಾಬ್ ಅಂದರೆ ಯಜಮಾನರು, ಅಲ್ಲಿ ಎಲ್ಲರೂ ಹಾಗೇ ಹೇಳುವುದು. ಕಾಗದದ ಫೋಟೋ ಕಳಿಸಿದರು. ಅದರಲ್ಲಿ ಯಾವ ದಿನ ವಾಪಸ್ ಎಂಬುದಕ್ಕೆ ಜಾಗವೇ ಇರಲಿಲ್ಲ. ಸುಮ್ಮನೆ ಇರಲಾಗದೆ, ನಮ್ಮ ಸೆಂಟರಿನ ಸುಡಾನಿನ ಹಿರಿಯ ಗುಮಾಸ್ತರಿಗೆ ತೋರಿಸಿದೆ. ಅವರು ನಾನೇ ಟೈಪ್ ಮಾಡಿದ ಅರ್ಜಿಯನ್ನೂ ಕೇಳಿದರು. ಓದಿ ಕನ್ನಡಕ ತೆಗೆದರು. ನಾನು ಹಾಗೇ ಉಳಿಸಿದ್ದ ಆ ಎರಡು ಸಾಲಿನ ಅರ್ಥ, ನನ್ನ ಸ್ವಂತ ಇಷ್ಟದಿಂದ ಕೊಡುತ್ತಿದ್ದೇನೆ, ಇದರ ಮೇಲೆ ನನಗಾಗಲಿ ನನ್ನ ಮಕ್ಕಳಿಗಾಗಲಿ ಇನ್ನು ಹಕ್ಕಿಲ್ಲ, ಎಂದು.

ಇಂಗ್ಲಿಷಿನಲ್ಲಿ ನಿಧಾನವಾಗಿ ಇಷ್ಟು ಹೇಳಿ ಅವರು, "ಖಲಾಸ್," ಎಂದರು. ಬೈಯಲಿಲ್ಲ.

ನಾಲ್ಕು ದಿನ ಡ್ರೈವರಣ್ಣನ ಫೋನ್ ಎತ್ತಲಿಲ್ಲ. ಐದನೇ ದಿನ ರಜೆ ಹಾಕಿ, ಬರುತ್ತಿದ್ದೇನೆ ಎಂದು ಅವರಿಗೆ ಸಂದೇಶ ಕಳಿಸಿ, ಬೆಳಿಗ್ಗಿನ ಬಸ್ಸಿಗೆ ಮದೀನತ್ ಜಾಯೆದಿಗೆ ಹೋದೆ. ದಾರಿಯುದ್ದಕ್ಕೂ ಮರಳು, ಹೈಟೆನ್ಶನ್ ತಂತಿ, ರುವೈಸಿನ ತೈಲಾಗಾರದ ಕಡೆ ಹೋಗುವ ಟ್ಯಾಂಕರುಗಳು. ಡ್ರೈವರಣ್ಣ ನಿಲ್ದಾಣಕ್ಕೆ ಕಾರು ತಂದಿದ್ದರು. ಕಾರಿನಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ರಸ್ತೆ ಬದಿಗೆ ಕಾರು ನಿಲ್ಲಿಸಿದರು.

"ನೀವು ಹೇಳಿದ್ದನ್ನು ಅವರಿಗೆ ಅರಬ್ಬಿಯಲ್ಲಿ ಹೇಳಿದ್ದು ನಾನು," ಎಂದರು. "ಇಪ್ಪತ್ತು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಇದು ಅಕ್ಕ."

ಸುಳ್ಳು ಹೇಳಿದ್ದು ನೀವಲ್ಲ, ತಪ್ಪು ನನ್ನದು ಎಂದೆ. ಅದರಿಂದ ಅವರಿಗೇನೂ ಸಮಾಧಾನವಾಗಲಿಲ್ಲ.

ಇಬ್ಬರೂ ಕೋವಿ ಒಪ್ಪಿಸಿದ ಪೊಲೀಸ್ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದ ಕೂರಿಸಿ ನೀರು ಕೊಟ್ಟರು. ಕಡತ ತೆಗೆದು ನನ್ನ ಅರ್ಜಿಯನ್ನೇ ನನಗೆ ತೋರಿಸಿದರು. ಹಕ್ಕು ಬಿಟ್ಟುಕೊಟ್ಟ ಮೇಲೆ ಅದು ಇಲ್ಲಿ ಇರುವುದಿಲ್ಲ, ಹೋಗುವಲ್ಲಿಗೆ ಹೋಗಿದೆ ಎಂದರು. ತಂದೆಯ ವಸ್ತು, ಇಟ್ಟುಕೊಳ್ಳುತ್ತೇನೆ ಎಂದು ಪರವಾನಗಿಗೆ ಬರೆದಿದ್ದರೆ ನೋಡಬಹುದಿತ್ತು ಎಂದೂ ಹೇಳಿದರು. ಅವರ ಮಾತಿನಲ್ಲಿ ಯಾವ ತಪ್ಪೂ ಇರಲಿಲ್ಲ. ಜಗಳಾಡಲು ಒಬ್ಬ ಕೆಟ್ಟ ಮನುಷ್ಯನಾದರೂ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಸ ಕಾನೂನು ಯಾವಾಗ ಬರುತ್ತದೆ ಎಂದು ಕೇಳಿದೆ. ಯಾವ ಕಾನೂನು ಎಂದು ಅವರೇ ನನ್ನನ್ನು ತಿರುಗಿ ಕೇಳಿದರು.

ಅಜ್ಜನ ಮನೆಯ ಮಜ್ಲಿಸಿನಲ್ಲಿ, ಅಂದರೆ ಬಂದವರನ್ನು ಕೂರಿಸುವ ಹೊರಕೋಣೆಯಲ್ಲಿ, ಕಾಫಿ ಖರ್ಜೂರ ಬಂತು. ಡ್ರೈವರಣ್ಣ ಬಾಗಿಲ ಹತ್ತಿರವೇ ನಿಂತರು, ನನ್ನ ಕಡೆ ನೋಡಲಿಲ್ಲ. ಅಲ್ಲಿನ ಎಷ್ಟೋ ಹಿರಿಯರ ಹಾಗೆ ಅಜ್ಜನಿಗೂ ಹಳೆಯ ಹಿಂದಿ ಬರುತ್ತದೆ ಎಂದು ಡ್ರೈವರಣ್ಣ ದಾರಿಯಲ್ಲಿ ಹೇಳಿದ್ದರು, ಆದ್ದರಿಂದ ಈ ಸಲ ನಾನೇ ನೇರವಾಗಿ ಹೇಳಿದೆ. ಕೋವಿ ಬರುವುದಿಲ್ಲ. ಅರ್ಜಿ ಬರೆದದ್ದು ತಪ್ಪು, ಬರೆದವಳು ನಾನು, ನಿಮ್ಮ ಡ್ರೈವರ್ ಅಲ್ಲ. ಹೇಳುವಾಗ ನನ್ನ ಹಿಂದಿ ಎರಡು ಕಡೆ ತಡವರಿಸಿತು. ಅಜ್ಜ ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಅವರು ಬೈಯಲಿಲ್ಲ, ನಂಬಲೂ ಇಲ್ಲ. ನನಗೆ ಹೇಗೆ ಸಮಾಧಾನ ಮಾಡುವುದೆಂದು ಯೋಚಿಸುವವರ ಹಾಗೆ ನನ್ನನ್ನೇ ನೋಡಿದರು.

"ನೀನು ಓದಿದವಳು," ಎಂದರು. "ಒಂದು ಕಾಗದ ತಪ್ಪಾಯಿತು. ಇನ್ನೊಂದು ಬರಿ."

ಬರೆದರೆ ಉಪಯೋಗವಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಅವರು ಕೈ ಬೀಸಿ ಡ್ರೈವರಣ್ಣನಿಂದ ಪೆನ್ನು ತರಿಸಿದರು. ಅಕ್ಷರ ಗೊತ್ತಿಲ್ಲದವರಿಗೆ ಅಕ್ಷರದ ಮೇಲೆ ಎಷ್ಟು ಭರವಸೆ ಇರುತ್ತದೆ ಎಂಬುದು ನನಗೆ ಹೊಸದಲ್ಲ, ಅಂಥ ಮನೆಯಿಂದಲೇ ಬಂದವಳು. ಅದಕ್ಕೇ ಎದ್ದು ಬರಲಾಗಲಿಲ್ಲ. ಚೀಲದಲ್ಲಿ ಸೆಂಟರಿನ ಖಾಲಿ ಫಾರಮುಗಳಿದ್ದವು. ಒಂದನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ.

ಕೋವಿ ಹೇಗಿತ್ತು ಎಂದು ಕೇಳಿದೆ. ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅಜ್ಜ ಎರಡೂ ಕೈ ಅಗಲಿಸಿ ಉದ್ದ ತೋರಿಸಿದರು. ಹಿಡಿಯ ಮರ ಒಮ್ಮೆ ಒಂಟೆಯ ಮೇಲಿಂದ ಬಿದ್ದು ಸೀಳಿತ್ತಂತೆ. ಅಪ್ಪ ಅದಕ್ಕೆ ಹಿತ್ತಾಳೆ ತಂತಿಯನ್ನು ಏಳು ಸುತ್ತು ಸುತ್ತಿದ್ದರಂತೆ. ಅಪ್ಪನ ಗಲ್ಲ ತಾಗಿ ತಾಗಿ ಒಂದು ಕಡೆ ಮರ ನುಣುಪಾಗಿ ಕಪ್ಪಾಗಿತ್ತಂತೆ. ಹುಡುಗನಾಗಿದ್ದಾಗ ಅಲ್ಲಿ ಮೂಗಿಟ್ಟು ಮೂಸುತ್ತಿದ್ದರಂತೆ. ಅವರು ಹೇಳುತ್ತಾ ಹೋದರು, ನಾನು ಪೆನ್ನು ಹಿಡಿದು ಕೇಳುತ್ತಾ ಹೋದೆ. ಹಿತ್ತಾಳೆಗೆ ಅರಬ್ಬಿಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಫಾರಮಿನಲ್ಲಿ ವಸ್ತುವಿನ ವಿವರ ಎಂಬ ಕಡೆ ಇದ್ದದ್ದು ಒಂದು ಗೆರೆ.

ಹಳೆಯ ಕೋವಿ, ಒಂದು, ಎಂದು ಬರೆದೆ. ಓದಿ ಹೇಳು ಎಂದರು. ಓದಿದೆ.

"ತಂತಿ ಎಲ್ಲಿ ಬರೆದಿದ್ದೀಯ?" ಎಂದು ಅಜ್ಜ ಕೇಳಿದರು.

ಆ ಒಂದು ಗೆರೆಯ ಮೇಲೆ ಬೆರಳಿಟ್ಟು, ಇಲ್ಲಿ ಎಂದೆ. ಅವರು ಬಗ್ಗಿ ಆ ಜಾಗವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಹೆಬ್ಬೆಟ್ಟಿಗೆ ಶಾಯಿ ಹಚ್ಚಲು ಕೈ ಮುಂದೆ ಚಾಚಿದರು.