ಹಿಂದಕ್ಕೆ ಬರುವವರ ದಾರಿ ಕಾಯುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಒಬ್ಬ ಹೆಂಗಸು ಗೀರುಬಿದ್ದ ಮೊಬೈಲು ಹಿಡಿದು ಕೂತಿದ್ದಾಳೆ. ಮುಂದಿನ ಪುಟಕ್ಕೆ ಹೋಗುತ್ತಾಳೆ, ಹಿಂದಕ್ಕೆ ಬರುತ್ತಾಳೆ. ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಆ್ಯಪ್‌ನಲ್ಲಿ ‘ಬ್ಯಾಕ್’ ಒತ್ತಿದವರು ಬಿಟ್ಟ ಜಾಗಕ್ಕೇ ಮರಳುತ್ತಾರೋ, ದಿಕ್ಕು ತಪ್ಪುತ್ತಾರೋ ಎಂದು ಪರೀಕ್ಷಿಸುವುದೇ ಆಕೆಯ ಉದ್ಯೋಗ. ಕಚೇರಿಯವರು ಇಟ್ಟ ಹೆಸರು ‘ಬ್ಯಾಕ್ ಅಕ್ಕ’. ಅವರಲ್ಲಿ ಅರ್ಧಕ್ಕರ್ಧ ಜನ ಆಕೆಯ ಮುಖವನ್ನೇ ನೋಡಿಲ್ಲ.

ಇವತ್ತಿನದು ಮನೆಗೆ ನರ್ಸ್ ಕರೆಸಿಕೊಳ್ಳುವ ಆ್ಯಪ್. ಸಂಜೆ ಜನರ ಕೈಗೆ ಹೋಗಲಿದೆ. ನೋವೆಲ್ಲಿ ಎಂದು ಬರೆಯಬೇಕು, ಮುಂದಿನ ಪುಟದಲ್ಲಿ ವಿಳಾಸ, ಅದರಾಚೆ ಸಮಯ. ಸಮಯದ ಪುಟದಿಂದ ಬ್ಯಾಕ್ ಒತ್ತಿದರೆ ವಿಳಾಸ ಸರಿಯಾಗಿಯೇ ಕಾಣುತ್ತದೆ. ಆಕೆ ಈಗ ಬೆರಳು ನಡುಗಿಸಿ ಒತ್ತುತ್ತಾಳೆ. ಒಂದು ಒತ್ತು ಎರಡಾಗುತ್ತದೆ, ಆ್ಯಪ್ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದರೆ ಬರೆದದ್ದೆಲ್ಲ ಮಾಯ.

ಈ ನಡುಗುವ ಒತ್ತು ದೊಡ್ಡಮ್ಮನಿಂದ ಕಲಿತದ್ದು. ತಾಯಿಯಿಲ್ಲದ ಈಕೆಯನ್ನು ಸಾಕಿದ ದೊಡ್ಡಮ್ಮನಿಗೆ ಕೊನೆಕೊನೆಗೆ ಕೈ ಹಿಡಿತದಲ್ಲಿರಲಿಲ್ಲ. “ನಂಗೆ ಫೋನ್ ಮಾಡೋಕೆ ಹೋಗಿ ದಿನಾ ಟಾರ್ಚ್ ಹಾಕ್ಕೊಳ್ಳೋಳು. ‘ಈ ಹಾಳಾದ್ದಕ್ಕೆ ನನ್ನ ಕಂಡ್ರಾಗಲ್ಲ ಕಣೇ’ ಅಂತ ಬಯ್ಯೋಳು.” ತನ್ನಷ್ಟಕ್ಕೇ ಹೇಳಿಕೊಂಡು ಆಕೆ ನಗುತ್ತಾಳೆ. ಜೊತೆಗೆ ನಗಲು ಕೋಣೆಯಲ್ಲಿ ಮತ್ಯಾರೂ ಇಲ್ಲ.

ತಂಡದ ಮುಖ್ಯಸ್ಥನಿಗೆ ಫೋನು ಹಚ್ಚುತ್ತಾಳೆ.

“ಎರಡೆರಡು ಸಲ ಯಾರಕ್ಕಾ ಒತ್ತುತ್ತಾರೆ? ಬೆಳಬೆಳಗ್ಗೆ ತಲೆ ತಿನ್ಬೇಡಿ.”

“ಹುಷಾರಿಲ್ದೋರು ಒತ್ತುತ್ತಾರಪ್ಪ. ಗಟ್ಟಿಯಾಗಿರೋರಿಗೆ ನರ್ಸ್ ಯಾಕೆ?”

“ಮುಂದಿನ ಸಲ ನೋಡೋಣ. ಇವತ್ತು ಸರಿಯಿದೆ ಅಂತ ಹಾಕ್ಬಿಡಿ.”

“ಹಾಕಲ್ಲ.”

“ನಿಮ್ಮ ಕಾಂಟ್ರಾಕ್ಟ್ ಈ ತಿಂಗಳು ಮುಗಿಯತ್ತೆ, ನೆನಪಿದೆ ತಾನೆ?”

“ಇದೆ. ಆದ್ರೂ ಹಾಕಲ್ಲ.”

ಆ ಒಬ್ಬನನ್ನು ಬೈದು ಏನು ಬಂತು? ನುಗ್ಗುವವರಿಗೆ ಹೆದ್ದಾರಿ ಹಾಸಿಕೊಡುವ ಕಾಲವಿದು. ತಡವರಿಸಿದವರು ತಿರುಗಿ ಬರಲು ಒಂದು ಕಾಲುದಾರಿ ಬಿಡಿ ಎಂದರೆ ಎಲ್ಲರ ಹುಬ್ಬೂ ಗಂಟಿಕ್ಕುತ್ತದೆ. ಆ ಕಾಲುದಾರಿ ಕಾಯುವವಳನ್ನು ಯಾವ ಕ್ಷಣದಲ್ಲಾದರೂ ಕಿತ್ತುಹಾಕಬಹುದು!

ಮಧ್ಯಾಹ್ನ ತಿದ್ದಿದ ಆ್ಯಪ್ ಬರುತ್ತದೆ. ಮತ್ತೆ ಬೆರಳು ನಡುಗಿಸುತ್ತಾಳೆ. ‘ಹೊರಗೆ ಹೋಗಬೇಕೇ?’ ಎಂದು ಅದು ಕೇಳುತ್ತದೆ. ಬರೆದದ್ದು ಬರೆದ ಹಾಗೇ ಇದೆ. ಆಗ ‘ಸರಿಯಿದೆ’ ಎಂದು ಹಾಕುತ್ತಾಳೆ. ಮುಂದಿನ ತಿಂಗಳ ಕೆಲಸದ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ.

ಭಯವಿಲ್ಲವೇ ಎಂದು ತನ್ನನ್ನೇ ಕೇಳಿಕೊಂಡು ಆಕೆ ಮೊಬೈಲನ್ನು ಬೋರಲು ಮಲಗಿಸುತ್ತಾಳೆ.

“ಇದೆ. ಆದ್ರೆ ಇವತ್ತು ಯಾರೋ ಒಬ್ರು ನರ್ಸ್ ಕರೀತಾರೆ, ಅವರ ಬಾಗಿಲು ಬಡಿಯೋಕೆ ಒಬ್ರು ಬರ್ತಾರೆ. ನನ್ನ ಬಾಗಿಲು ಬಡಿಯೋರಂತೂ ಇಲ್ಲ. ಅವರದ್ದಾದ್ರೂ ಬಡೀಲಿ.”